ಅಂಗಡಿಗೊಂದು ಆ್ಯಪ್ ಬೇಕೆ?

ಕಳೆದ ಚಳಿಗಾಲದ ಒಂದು ಸಂಜೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಅಂಕೋಲೆಯಿಂದ ಕಾರವಾರಕ್ಕೆ ನಮ್ಮನ್ನು ಕಾಣಲು ಬಂದನು. ಐದಾರು ವರ್ಷಗಳ ಹಿಂದೆ ಬಿ.ಎಸ್‌ಸಿ. ತರಗತಿಯಲ್ಲಿ ನಮ್ಮಲ್ಲಿ ಭೌತವಿಜ್ಞಾನ ಓದಿದವನು. ಈಗ ಮನೆಯ ಮಾವಿನ ತೋಟವನ್ನು ನೋಡಿಕೊಂಡಿದ್ದಾನೆ. ಅಂಕೋಲೆಯ ಮಾವೆಂದ ಮೇಲೆ ಅದು ಕರಿ ಇಶಾಡ ಎಂದು ಬೇರೆ ಹೇಳಬೇಕಾಗಿಲ್ಲ. ಸಿಪ್ಪೆ ತೆಳು, ರಸ ಹೆಚ್ಚು, ಸಿಹಿಯಂತೂ ತಿಂದವರಿಗೇ ಗೊತ್ತು. 2023ರಲ್ಲಿ ಈ ಹಣ್ಣಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು.

ಅವನು ಚೀಲದಿಂದ ನಾಲ್ಕು ಹಾಳೆಗಳ ಒಂದು ಪತ್ರವನ್ನು ತೆಗೆದು ನಮ್ಮ ಮುಂದಿಟ್ಟನು. ಊರೂರು ತಿರುಗುವ ಒಂದು ಸಂಸ್ಥೆಯವರು ಅವನ ತೋಟದ ಹೆಸರಿನಲ್ಲಿಯೇ ಒಂದು ಮೊಬೈಲ್ ಆ್ಯಪ್ ಕಟ್ಟಿಕೊಡುವುದಾಗಿ ಬರೆದಿದ್ದರು. ಬೆಲೆ 2 ಲಕ್ಷ ರೂಪಾಯಿ. ಎರಡನೆಯ ವರ್ಷದಿಂದ ನಿರ್ವಹಣೆಗೆ ವರ್ಷಕ್ಕೆ 30 ಸಾವಿರ. ಅರ್ಧ ಹಣ ಅವನ ಕೈಯಲ್ಲಿತ್ತು. ಉಳಿದರ್ಧಕ್ಕೆ ಆಯಿಯ ಬಂಗಾರವನ್ನು ಸೊಸೈಟಿಯಲ್ಲಿ ಅಡವಿಡುವ ಯೋಚನೆ. "ಸರ್, ನೀವು ಬೇಡ ಅಂದ್ರೆ ಬಿಟ್ಬಿಡ್ತೆ. ಆದ್ರೆ ಯಾಕೆ ಬೇಡ ಅಂತ ಹೇಳ್ಬೇಕು" ಎಂದನು. ನಮ್ಮ ಪಾಠಗಳನ್ನು ಅವನು ಸರಿಯಾಗಿಯೇ ಕೇಳಿದ್ದನೆಂದು ಆಗ ತಿಳಿಯಿತು. ಆ ದಿನ ಅವನಿಗೆ ಹೇಳಿದುದನ್ನೂ, ಹೇಳಲು ಮರೆತುದನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ವಾಚಕರಲ್ಲಿ ಅನೇಕರು ಇಂದಲ್ಲ ನಾಳೆ ಒಂದು ಅಂಗಡಿಯನ್ನೋ ತೋಟವನ್ನೋ ಚಿಕ್ಕ ಉದ್ಯಮವನ್ನೋ ನಡೆಸತಕ್ಕವರು. ಅವರೆದುರಿಗೂ ಇಂಥ ಪತ್ರ ಬಾರದೆ ಇರದು.

ಮೊದಲು ವಸ್ತುವನ್ನು ಅರಿಯೋಣ. ಆ್ಯಪ್ ಎಂದರೆ ಮೊಬೈಲಿನ ಸ್ಮೃತಿಕೋಶದಲ್ಲಿ ಬಂದು ನೆಲೆಸುವ ಒಂದು ಪ್ರೋಗ್ರಾಮು. ಜಾಲತಾಣವು ಹಾಗಲ್ಲ. ಅದು ದೂರದ ಒಂದು ಗಣಕದಲ್ಲಿರುತ್ತದೆ. ನಾವು ಕರೆದಾಗ ಬ್ರೌಸರಿನ ಮೂಲಕ ಬಂದು ಮುಖ ತೋರಿಸಿ ಹೋಗುತ್ತದೆ. ಒಂದು ಮನೆಯಲ್ಲಿಯೇ ಇರುವ ಆಳು, ಇನ್ನೊಂದು ಕರೆದಾಗ ಬರುವ ಆಳು ಎನ್ನಬಹುದು. ಮನೆಯಲ್ಲಿರುವ ಆಳಿಗೆ ಮನೆಯ ಕೋಣೆಗಳೆಲ್ಲ ತಿಳಿದಿರುತ್ತವೆ. ಕ್ಯಾಮರಾ, ಬ್ಲೂಟೂತ್, ಸ್ಥಾನ ತಿಳಿಸುವ ಗ್ರಾಹಕ, ಇವನ್ನೆಲ್ಲ ಅದು ಸಲೀಸಾಗಿ ಬಳಸಬಲ್ಲುದು. ಹೊರಗಿನ ಸಂಪರ್ಕ ಕಡಿದುಹೋದಾಗಲೂ ಕೆಲಸ ಮಾಡಬಲ್ಲುದು. ಆದರೆ ಅದಕ್ಕೆ ಮನೆಯಲ್ಲಿ ಜಾಗ ಕೊಡಬೇಕು, ಅನ್ನವನ್ನೂ ಇಕ್ಕಬೇಕು. ಇಂಥ ಆಳುಗಳ ದೊಡ್ಡ ಸಂತೆ ನೆರೆದುದು 2008ರಲ್ಲಿ. ಆ ವರ್ಷದ ಜುಲೈನಲ್ಲಿ ಆ್ಯಪಲ್ ಸಂಸ್ಥೆಯ ಮಳಿಗೆ ಸುಮಾರು 500 ಆ್ಯಪ್‌ಗಳೊಡನೆ ತೆರೆಯಿತು. ಅದೇ ವರ್ಷ ಗೂಗಲ್ ಸಂಸ್ಥೆಯದೂ ಬಂದಿತು. ಇಂದು ಆ ಸಂಖ್ಯೆ ಲಕ್ಷಗಳಲ್ಲಿದೆ. ಇಷ್ಟು ದೊಡ್ಡ ಸಂತೆಯ ಮೂಲೆಯೊಂದರಲ್ಲಿ ಅಂಕೋಲೆಯ ತೋಟದ ಆ್ಯಪನ್ನು ಹುಡುಕುವವರು ಯಾರು? ಮೊದಲೇ ಹೆಸರು ತಿಳಿದವರು ಮಾತ್ರ. ಹೆಸರು ತಿಳಿದವರಾದರೋ ನೇರವಾಗಿ ಫೋನೇ ಮಾಡುತ್ತಾರೆ.

ನಾವು ಅವನನ್ನು ಕೇಳಿದ ಮೊದಲ ಪ್ರಶ್ನೆ ಇದು: ಹಣ್ಣು ನಿನ್ನ ಮರದಿಂದ ಹೊರಟು ಬೆಂಗಳೂರಿನ ಗಿರಾಕಿಯ ಮನೆ ಸೇರುವವರೆಗೆ ಎಲ್ಲೆಲ್ಲಿ ತಡೆಯಿದೆ? ಅವನು ಬೆರಳು ಮಡಿಸುತ್ತ ಹೇಳಿದನು. ಆರ್ಡರ್ ಬರುವುದು, ಕೊಯ್ಯಲು ಜನ ಸಿಗುವುದು, ಆರಿಸುವುದು, ಪೆಟ್ಟಿಗೆ ತುಂಬುವುದು, ರಾತ್ರಿಯ ಬಸ್ಸಿಗೆ ಮುಟ್ಟಿಸುವುದು, ಅಲ್ಲಿ ಯಾರಾದರೂ ಇಳಿಸಿಕೊಂಡು ಮನೆಗೆ ಕೊಡುವುದು.

ವಿದ್ಯುತ್ತಿನ ಪಾಠದಲ್ಲಿ ಸರಣಿ ಜೋಡಣೆಯೆಂಬುದನ್ನು ಎಲ್ಲರೂ ಓದಿರುತ್ತೀರಿ. ರೋಧಗಳು ಒಂದರ ಹಿಂದೊಂದು ನಿಂತಾಗ ಹರಿಯುವ ಪ್ರವಾಹವನ್ನು ಮುಖ್ಯವಾಗಿ ನಿರ್ಧರಿಸುವುದು ಅವುಗಳಲ್ಲಿ ದೊಡ್ಡದು. 2, 10 ಮತ್ತು 40 ಓಮ್‌ಗಳ ಮೂರು ರೋಧಗಳಿವೆಯೆನ್ನಿ. ಒಟ್ಟು 52. ಎರಡು ಓಮ್‌ನದನ್ನು ಪೂರ್ತಿ ಕಿತ್ತೆಸೆದರೂ ಉಳಿಯುವುದು 50; ಪ್ರವಾಹ ಹೆಚ್ಚುವುದು ನೂರಕ್ಕೆ ನಾಲ್ಕರಷ್ಟು ಮಾತ್ರ. ಅದರ ಬದಲು ನಲವತ್ತನ್ನು ಅರ್ಧಕ್ಕೆ ಇಳಿಸಿದರೆ ಒಟ್ಟು 32ಕ್ಕೆ ಬಂದು ಪ್ರವಾಹ ನೂರಕ್ಕೆ ಅರುವತ್ತಕ್ಕೂ ಮೀರಿ ಏರುತ್ತದೆ. ನಮ್ಮ ಹುಡುಗನಿಗೆ ಆರ್ಡರುಗಳು ಫೋನಿನಲ್ಲಿಯೂ ವಾಟ್ಸ್‌ಆ್ಯಪಿನಲ್ಲಿಯೂ ಬರುತ್ತಿದ್ದವು. ಆರ್ಡರು ತಪ್ಪಿಹೋಯಿತೆಂದು ಅವನು ಒಮ್ಮೆಯೂ ಹೇಳಲಿಲ್ಲ. ಅವನು ಹಲುಬಿದುದು ಬೇರೆಯದಕ್ಕೆ. ಹಿಂದಿನ ಋತುವಿನಲ್ಲಿ ಕಳುಹಿಸಿದ ಸುಮಾರು 400 ಪೆಟ್ಟಿಗೆಗಳಲ್ಲಿ 60 ಪೆಟ್ಟಿಗೆಗಳ ಹಣ್ಣು ಕೊಳೆತು ತಲುಪಿತ್ತು. ಪೆಟ್ಟಿಗೆಗೆ 900 ರೂಪಾಯಿಯಂತೆ 54 ಸಾವಿರ ಹಿಂದಿರುಗಿಸಬೇಕಾಯಿತು. ನಲವತ್ತು ಓಮ್ ಇದ್ದುದು ಅಲ್ಲಿ. 2 ಲಕ್ಷ ರೂಪಾಯಿ ಹೊರಟಿದ್ದುದು ಎರಡು ಓಮ್‌ನ ಮೇಲೆ.

ಹಣ್ಣಿನ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕೊಯ್ದ ಮಾವು ಸತ್ತ ವಸ್ತುವಲ್ಲ, ಉಸಿರಾಡುವ ಜೀವ. ಆಮ್ಲಜನಕವನ್ನು ಹೀರಿಕೊಂಡು ಇಂಗಾಲದ ಡೈ ಆಕ್ಸೈಡನ್ನೂ ಶಾಖವನ್ನೂ ಹೊರಬಿಡುತ್ತಿರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಈ ಉಸಿರಾಟದ ವೇಗ ಎರಡು ಮೂರು ಪಟ್ಟಾಗುತ್ತದೆ. ಹಣ್ಣಾಗುವ ಹೊತ್ತಿಗೆ ಇಥಿಲೀನ್ ಎಂಬ ಅನಿಲವೂ ಹೊರಬೀಳುತ್ತದೆ. ಅದು ಪಕ್ಕದ ಕಾಯಿಯನ್ನೂ ಹಣ್ಣಾಗುವಂತೆ ಎಬ್ಬಿಸುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಕೊಯ್ದ ಹಣ್ಣನ್ನು ಆರಲು ಬಿಡದೆ ಮುಚ್ಚಿದ ರಟ್ಟಿನ ಪೆಟ್ಟಿಗೆಯಲ್ಲಿ ಒತ್ತಿ ತುಂಬಿ, ಬಸ್ಸಿನ ಹೊಟ್ಟೆಯಲ್ಲಿ ಹತ್ತು ಹನ್ನೆರಡು ಗಂಟೆ ಇಟ್ಟರೆ ಒಳಗೆ ಒಂದು ಒಲೆಯೇ ಹೊತ್ತಿಕೊಂಡಂತೆ. ಇಶಾಡದ ತೆಳು ಸಿಪ್ಪೆ ಅದನ್ನು ತಾಳದು. ಬೆಳಗಿನ ತಂಪಿನಲ್ಲಿ ಕೊಯ್ಯುವುದು, ಬಲಿತು ಇನ್ನೂ ಗಟ್ಟಿಯಿರುವಾಗಲೇ ಕೊಯ್ಯುವುದು, ತೊಟ್ಟು ಬಿಟ್ಟು ಕೊಯ್ಯುವುದು, ನೆರಳಿನಲ್ಲಿ ಆರಿಸುವುದು, ಗಾಳಿಯಾಡುವ ತೂತುಗಳಿರುವ ಪೆಟ್ಟಿಗೆಯಲ್ಲಿ ಒಂದೇ ಸಾಲು ಜೋಡಿಸುವುದು, ಇವು ಅವನಿಗೆ ಬೇಕಾಗಿದ್ದ ತಂತ್ರವಿದ್ಯೆ. ತಂತ್ರವಿದ್ಯೆಯೆಂದರೆ ಗಾಜಿನ ಪರದೆಯ ಮೇಲೆ ಹೊಳೆಯುವುದು ಮಾತ್ರವೆಂಬ ಭಾವನೆ ಈಚೆಗೆ ನಮ್ಮ ವಿದ್ಯಾರ್ಥಿಗಳಲ್ಲಿಯೂ ಬೇರೂರುತ್ತಿದೆ. ರಟ್ಟಿನ ಪೆಟ್ಟಿಗೆಯ ತೂತು ಎಲ್ಲಿರಬೇಕೆಂದು ಲೆಕ್ಕ ಹಾಕುವುದೂ ತಂತ್ರವಿದ್ಯೆಯೇ.

ಇನ್ನು ಹಣದ ಲೆಕ್ಕ. ಮೂರು ವರ್ಷಗಳಲ್ಲಿ ಆ್ಯಪಿಗೆ ಬೀಳುವುದು 2 ಲಕ್ಷ 60 ಸಾವಿರ. ಮಾರುವುದು ವರ್ಷಕ್ಕೆ 400ರಂತೆ 1,200 ಪೆಟ್ಟಿಗೆ. ಒಂದು ಪೆಟ್ಟಿಗೆಯ ತಲೆಯ ಮೇಲೆ 217 ರೂಪಾಯಿ ಕೂರುತ್ತದೆ. ಖರ್ಚೆಲ್ಲ ಕಳೆದು ಒಂದು ಪೆಟ್ಟಿಗೆಯಲ್ಲಿ ಅವನಿಗೆ ಉಳಿಯುತ್ತಿದ್ದುದು ಸುಮಾರು 250. "ಆ್ಯಪ್ ಬಂದ್ರೆ ಮಾರಾಟ ಹೆಚ್ತದಲ್ಲ ಸರ್?" ಎಂದು ಕೇಳಿದನು. ಹೆಚ್ಚಬಹುದು, ಮರಗಳು ಒಪ್ಪಿದರೆ. ಮರಗಳು ಕಾಯುವುದು ಕಾಯುವಷ್ಟೇ.

ಅದಕ್ಕಿಂತ ಮುಖ್ಯವಾದುದು ಬಳಕೆಯ ಆವರ್ತನ. ಇಶಾಡದ ಕಾಲ ಮುಗಿಯುವುದು ಮಳೆ ಹಿಡಿಯುವುದರೊಳಗೆ. ಗಿರಾಕಿಯೊಬ್ಬನು ವರ್ಷಕ್ಕೆ ಎರಡು ಸಲ ಹಣ್ಣು ತರಿಸಿಯಾನು. ವರ್ಷಕ್ಕೆರಡು ಸಲ ತೆರೆಯುವ ಆ್ಯಪಿಗಾಗಿ ಉಳಿದ ಹನ್ನೊಂದು ತಿಂಗಳು ತನ್ನ ಮೊಬೈಲಿನಲ್ಲಿ ಜಾಗ ಬಿಟ್ಟುಕೊಡುವ ಧರ್ಮಾತ್ಮರು ವಿರಳ. ನಾವೇ ನೋಡಿ: ನೆರೆಯ ಅಂಗಡಿಯವರ ಒತ್ತಾಯಕ್ಕೆ ಇಂಥ ಮೂರು ಆ್ಯಪ್‌ಗಳನ್ನು ಇಳಿಸಿಕೊಂಡಿದ್ದೆವು. ಪ್ರಯೋಗಶಾಲೆಯ ಚಿತ್ರಗಳಿಗೆ ಜಾಗ ಸಾಲದೆ ಬಂದ ದಿನ ಮೊದಲು ಅಳಿಸಿದುದು ಆ ಮೂರನ್ನೇ. ಅಂಗಡಿಗೆ ಹೋಗುವುದನ್ನೇನೂ ಬಿಟ್ಟಿಲ್ಲ. ದಿನವೂ ಬೇಕಾಗುವ ಹಾಲು, ತರಕಾರಿ, ಬಸ್ಸು, ಬ್ಯಾಂಕು, ಇವುಗಳ ಮಾತು ಬೇರೆ.

ಕಾರವಾರದ ಮೀನು ಮಾರುಕಟ್ಟೆಗೆ ಹೋದವರು ಗಮನಿಸಿರಬಹುದು. ಬಂಗಡೆ, ಇಸವಣಗಳ ಬುಟ್ಟಿಯ ಪಕ್ಕದಲ್ಲಿ ಕಪ್ಪು ಬಿಳಿ ಚೌಕಗಳ ಒಂದು ಫಲಕ. ಅದರ ಒಡತಿಗೆ ಸ್ವಂತ ಆ್ಯಪ್ ಇಲ್ಲ. ಆದರೂ ನೌಕಾನೆಲೆಯವರು, ಕೈಗಾದವರು, ಗೋವೆಯಿಂದ ಬಂದವರು, ಯಾವ ಬ್ಯಾಂಕಿನ ಯಾವ ಆ್ಯಪಿನಿಂದಲಾದರೂ ಅವಳಿಗೆ ಹಣ ಕೊಡಬಲ್ಲರು. 2016ರಲ್ಲಿ ಆರಂಭವಾದ ಯು.ಪಿ.ಐ. ವ್ಯವಸ್ಥೆಯ ಹಿರಿಮೆ ಇರುವುದೇ ಇಲ್ಲಿ. ಹಾದಿಯನ್ನು ಎಲ್ಲರಿಗೂ ಒಂದೇ ಮಾಡಿ, ಬಂಡಿಯನ್ನು ಅವರವರ ಇಷ್ಟಕ್ಕೆ ಬಿಟ್ಟಿದೆ. ಹಾದಿ ಸಾರ್ವಜನಿಕವಾಗಿರುವಾಗ ತನ್ನ ಮನೆಗೆ ಮಾತ್ರ ಬೇರೊಂದು ಹಾದಿ ಕಡಿಸುವುದು ಶ್ರೀಮಂತರ ಹುಚ್ಚೆನ್ನಬೇಕು.

ಮೀನಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆವು. 1997ರಿಂದ 2001ರ ನಡುವೆ ನಮ್ಮ ಕರಾವಳಿಯ ದಕ್ಷಿಣಕ್ಕೆ ಕಾಸರಗೋಡು, ಕಣ್ಣೂರು, ಕೋಳಿಕ್ಕೋಡು ಜಿಲ್ಲೆಗಳಿಗೆ ಮೊಬೈಲ್ ಸಂಪರ್ಕ ಬಂದಿತು. ದಂಡೆಯ ಗೋಪುರಗಳ ಸಂಜ್ಞೆ ಸಮುದ್ರದೊಳಕ್ಕೂ 20-25 ಕಿಲೋಮೀಟರು ಮುಟ್ಟುತ್ತಿತ್ತು. ಮೀನುಗಾರರು ದಂಡೆಗೆ ಬರುವ ಮೊದಲೇ ಯಾವ ಪೇಟೆಯಲ್ಲಿ ಎಷ್ಟು ಧಾರಣೆಯೆಂದು ಕೇಳಿ ಆ ಕಡೆಗೆ ದೋಣಿ ತಿರುಗಿಸತೊಡಗಿದರು. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಪೇಟೆಯಿಂದ ಪೇಟೆಗಿದ್ದ ಧಾರಣೆಯ ಅಂತರ ಕುಗ್ಗಿತು. ಕೊಳ್ಳುವವರಿಲ್ಲದೆ ಮೀನನ್ನು ಸಮುದ್ರಕ್ಕೇ ಚೆಲ್ಲುವುದು ಹೆಚ್ಚುಕಡಮೆ ನಿಂತುಹೋಯಿತು. ಮೀನುಗಾರರ ಲಾಭ ನೂರಕ್ಕೆ ಎಂಟರಷ್ಟು ಏರಿತು. ಕೊಳ್ಳುವವರಿಗೂ ಬೆಲೆ ನೂರಕ್ಕೆ ನಾಲ್ಕರಷ್ಟು ಇಳಿಯಿತು. ಆಗ ಆ್ಯಪ್‌ಗಳ ಸಂತೆ ಇನ್ನೂ ನೆರೆದಿರಲಿಲ್ಲ. ಬರಿಯ ಮಾತಿನ ಕರೆ ಅಷ್ಟನ್ನು ಮಾಡಿತು, ಏಕೆಂದರೆ ಅಲ್ಲಿ ದೊಡ್ಡ ರೋಧವೆಂದರೆ ಧಾರಣೆ ತಿಳಿಯದಿರುವುದೇ ಆಗಿತ್ತು.

ಸಣ್ಣವರ ಮಾತಾಯಿತು, ದೊಡ್ಡವರು ಹೇಗೆ ಎಂದು ಕೇಳುವವರಿಗೆ ನಮ್ಮ ರಾಜಧಾನಿಯಲ್ಲಿಯೇ ಒಂದು ಪ್ರಸಂಗವಿದೆ. ಬೆಂಗಳೂರಿನ ಮಿಂತ್ರಾ ಎಂಬ ಬಟ್ಟೆಯ ವ್ಯಾಪಾರಿ ಸಂಸ್ಥೆ 2015ರ ಮೇ ತಿಂಗಳಲ್ಲಿ ತನ್ನ ಜಾಲತಾಣವನ್ನು ಮುಚ್ಚಿ, ಇನ್ನು ಮೇಲೆ ಆ್ಯಪಿನಲ್ಲಿ ಮಾತ್ರ ವ್ಯಾಪಾರವೆಂದು ಸಾರಿತು. ಒಂದು ವರ್ಷದ ಬಳಿಕ, 2016ರ ಜೂನ್ ಹೊತ್ತಿಗೆ, ಬಾಗಿಲನ್ನು ಮತ್ತೆ ತೆರೆಯಬೇಕಾಯಿತು. ಅದೇ ನಗರದ ಫ್ಲಿಪ್‌ಕಾರ್ಟ್ ಕೂಡ ಮೊಬೈಲಿನ ಜಾಲತಾಣವನ್ನು ಕೈಬಿಟ್ಟು, 2015ರ ನವೆಂಬರಿನಲ್ಲಿ 'ಲೈಟ್' ಎಂಬ ಹೆಸರಿನಿಂದ ಹೊಸ ರೂಪದಲ್ಲಿ ತಂದಿತು. ಅದು ಬ್ರೌಸರಿನಲ್ಲಿಯೇ ತೆರೆಯುವ ಪುಟ. ಆದರೂ ಆ್ಯಪಿನಂತೆ ಮೊಬೈಲಿನ ಮುಖಪುಟದಲ್ಲಿ ಕೂರುತ್ತದೆ, ಸಂಪರ್ಕ ದುರ್ಬಲವಾದಾಗಲೂ ಸ್ವಲ್ಪಮಟ್ಟಿಗೆ ನಡೆಯುತ್ತದೆ. ಕೋಟಿಗಟ್ಟಲೆ ಗಿರಾಕಿಗಳೂ ನೂರಾರು ಎಂಜಿನಿಯರುಗಳೂ ಇದ್ದವರೇ ಹೀಗೆ ಹಿಂದಿರುಗಿ ಬಂದ ಮೇಲೆ, ಇಪ್ಪತ್ತು ಮಾವಿನ ಮರಗಳ ಒಡೆಯನು ಅವರ ಮೊದಲ ಹೆಜ್ಜೆಯನ್ನು ಅನುಸರಿಸಬೇಕೋ ಎರಡನೆಯದನ್ನೋ?

ಆ ಪತ್ರದಲ್ಲಿ 'ನಿರ್ವಹಣೆ' ಎಂಬ ಒಂದೇ ಪದದಲ್ಲಿ ಮುಗಿಸಿದ್ದ ಸಂಗತಿ ಅಷ್ಟು ಸಣ್ಣದಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಂತ್ರದ ದೋಣಿಗಳಿಗೆ ಮೀನುಗಾರಿಕೆಯ ನಿಷೇಧ. ಆ ಬಿಡುವಿನಲ್ಲಿ ದೋಣಿಗೆ ಬಣ್ಣ, ಯಂತ್ರಕ್ಕೆ ದುರಸ್ತಿ, ಬಲೆಗೆ ಹೆಣಿಗೆ. ಮಾಡದಿದ್ದರೆ ಆಗಸ್ಟಿನಲ್ಲಿ ದೋಣಿ ಹೊರಡದು. ಆ್ಯಪೂ ಅಂಥದೇ. ಮೊಬೈಲಿನ ಮೂಲ ತಂತ್ರಾಂಶ ವರ್ಷವರ್ಷವೂ ಬದಲಾಗುತ್ತದೆ. ಅದಕ್ಕೆ ಸರಿಯಾಗಿ ಆ್ಯಪನ್ನು ತಿದ್ದಬೇಕೆಂದು ಗೂಗಲಿನ ಮಳಿಗೆ ಒತ್ತಾಯಿಸುತ್ತದೆ. ತಿದ್ದದೆ ಬಿಟ್ಟರೆ ಹೊಸ ಮೊಬೈಲಿನವರಿಗೆ ಅದು ಕಾಣದೆ ಹೋಗುತ್ತದೆ. ಗೂಗಲಿನಲ್ಲಿ ನೋಂದಣಿಗೆ ಒಮ್ಮೆ 25 ಡಾಲರು, ಆ್ಯಪಲಿನಲ್ಲಿ ವರ್ಷಕ್ಕೆ 99 ಡಾಲರು. ಗಿರಾಕಿಗಳ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ಕೂಡಿಟ್ಟುಕೊಂಡವನಿಗೆ ಅವನ್ನು ಕಾಯುವ ಹೊಣೆಯೂ ಇದೆ. 2023ರಲ್ಲಿ ಆದ ಕಾನೂನು ಅದನ್ನು ಹೇಳುತ್ತದೆ. ಕಟ್ಟಿಕೊಟ್ಟ ಸಂಸ್ಥೆಯವರು ನಾಳೆ ಬಾಗಿಲು ಹಾಕಿದರೆ ಯಾರನ್ನು ಕೇಳುವುದು? ಪತ್ರದ ನಾಲ್ಕು ಹಾಳೆಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಅವನು ಒಂದು ಮಾತು ಹೇಳಿದನು. ಅದನ್ನು ಇಲ್ಲಿ ಮುಚ್ಚಿಡುವುದು ನ್ಯಾಯವಲ್ಲ. "ಸರ್, ಬೇರೆಯವರ ಜಾಗದಲ್ಲಿ ಕೂತು ಮಾರಿದ್ರೆ ಎದ್ದೇಳು ಅಂದ ದಿನ ಏಳ್ಬೇಕು. ನಂದು ಅಂತ ಒಂದು ಇರ್ಬೇಕಲ್ಲ?" ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ಅಂಕೋಲೆಯ ಪೇಟೆಯಲ್ಲಿ, ಹೆದ್ದಾರಿಯ ಬದಿಯಲ್ಲಿ ಬುಟ್ಟಿ ಇಟ್ಟು ಕೂರುವ ಹೆಂಗಸರನ್ನು ಕಂಡವರಿಗೆ ಈ ಮಾತಿನ ತೂಕ ಗೊತ್ತು. ದೊಡ್ಡ ಜಾಲಮಳಿಗೆಗಳು ತಮ್ಮ ನಿಯಮಗಳನ್ನು ತಮಗೆ ಬೇಕಾದಂತೆ ಬದಲಿಸುತ್ತವೆ. ಗಿರಾಕಿ ಯಾರೆಂಬುದನ್ನೂ ಮಾರುವವನಿಗೆ ತಿಳಿಸದೆ ಇರಬಲ್ಲವು. ಸ್ವಂತದ್ದೊಂದು ನೆಲೆ ಬೇಕೆಂಬುದು ಸರಿಯೆ. ಆದರೆ ಆ ನೆಲೆ ಆ್ಯಪೇ ಆಗಬೇಕೆಂದಿಲ್ಲ. ಆ್ಯಪೂ ಕೊನೆಗೆ ಇನ್ನೊಬ್ಬರ ಮಳಿಗೆಯ ಅಂಕಣದಲ್ಲಿಯೇ ಕೂರುವುದಷ್ಟೆ. ಸ್ವಂತದ್ದೆಂದರೆ ಗಿರಾಕಿಗಳ ಹೆಸರು ಬರೆದಿಟ್ಟ ಪುಸ್ತಕ, ತನ್ನ ಹೆಸರಿನಲ್ಲಿ ನೋಂದಾಯಿಸಿದ ಒಂದು ಜಾಲವಿಳಾಸ. ಆ ವಿಳಾಸಕ್ಕೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಸಾಕು. ಒಂದೇ ಪುಟದ ತಾಣ. ಹಣ್ಣಿನ ಚಿತ್ರ, ಧಾರಣೆ, ಯಾವ ದಿನ ಕೊಯ್ಲು, ಯಾವ ಸಂಖ್ಯೆಗೆ ಕರೆಯಬೇಕು. ನಮ್ಮ ಎರಡನೆಯ ವರ್ಷದ ಹುಡುಗಿಯರು ಒಂದು ವಾರದಲ್ಲಿ ಕಟ್ಟಿಕೊಟ್ಟಾರು.

ಇನ್ನೂ ಒಂದು ಮಾತಿದೆ. ಭೌಗೋಳಿಕ ಸೂಚ್ಯಂಕವು ಒಬ್ಬನ ತೋಟಕ್ಕೆ ಬಂದುದಲ್ಲ, ಅಂಕೋಲೆಯ ಹಣ್ಣಿಗೆ ಬಂದುದು. ಕೀರ್ತಿ ಎಲ್ಲರದಾಗಿರುವಾಗ ಬಾಗಿಲೂ ಎಲ್ಲರದೊಂದು ಆಗಬಾರದೇಕೆ? ನಮ್ಮ ಜಿಲ್ಲೆಗೆ ಇದು ಹೊಸದೇನೂ ಅಲ್ಲ. ಶಿರಸಿಯ ಅಡಕೆ ಬೆಳೆಗಾರರು 1923ರಲ್ಲಿಯೇ ಸಹಕಾರಿ ಮಾರಾಟ ಸಂಘವನ್ನು ಕಟ್ಟಿಕೊಂಡರು. ಐವತ್ತು ತೋಟಗಳು ಸೇರಿದರೆ, ಹಣ್ಣಿನೊಡನೆ ಹಲಸು, ಗೇರು, ಕೋಕಂ ಸೇರಿದರೆ, ಹನ್ನೆರಡು ತಿಂಗಳೂ ಮಾರಲು ಏನಾದರೊಂದು ಇರುತ್ತದೆ. ಆಗ ಆ್ಯಪಿನ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಬಹುದು. ಈಗಿನ ಉತ್ತರ ಆಗಿನದಕ್ಕೆ ಅನ್ವಯಿಸುವುದಿಲ್ಲ.

ನಾವು ಆ್ಯಪಿನ ವೈರಿಗಳೆಂದು ಯಾರೂ ತಿಳಿಯಬಾರದು. ಅದು ಬೇಕೇ ಬೇಕಾದ ಸ್ಥಳ ಕಾರವಾರದ ಬಂದರಿನಿಂದ ಬಹಳ ದೂರವಿಲ್ಲ. ಮೊಬೈಲಿನ ರೇಡಿಯೋ ಅಲೆಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಹೋಗತಕ್ಕವು, ಭೂಮಿಯೋ ಗುಂಡಗಿದೆ. ಗೋಪುರದ ಎತ್ತರವನ್ನು ಮೀಟರಿನಲ್ಲಿ ಅಳೆದು ಅದರ ವರ್ಗಮೂಲವನ್ನು ಸುಮಾರು 4.1ರಿಂದ ಗುಣಿಸಿದರೆ ಅಲೆಗಳಿಗೆ ದಿಗಂತವೆಷ್ಟು ಕಿಲೋಮೀಟರಿನಲ್ಲಿದೆಯೆಂದು ತಿಳಿಯುತ್ತದೆ. 40 ಮೀಟರಿನ ಗೋಪುರಕ್ಕೆ ಅದು 26 ಕಿಲೋಮೀಟರು. ಎಷ್ಟೋ ಕಡೆ ಹತ್ತು ಹನ್ನೆರಡು ಕಿಲೋಮೀಟರಿಗೇ ಸಂಜ್ಞೆ ಕ್ಷೀಣಿಸುತ್ತದೆ. ಅದರಾಚೆ ಚಂಡಮಾರುತದ ಸುದ್ದಿಯನ್ನು ಮುಟ್ಟಿಸುವುದು ಹೇಗೆ? 2017ರ ಓಖಿ ಚಂಡಮಾರುತದಲ್ಲಿ ಕೇರಳ, ತಮಿಳುನಾಡುಗಳ ಎಷ್ಟೋ ಮೀನುಗಾರರು ಸುದ್ದಿ ಮುಟ್ಟದೆಯೇ ಕಡಲಿನಲ್ಲಿ ಸಿಕ್ಕಿಕೊಂಡರು.

ಹೈದರಾಬಾದಿನಲ್ಲಿ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವೆಂಬುದಿದೆ, ಇನ್‌ಕಾಯಿಸ್ ಎಂದು ಚುಟುಕಾಗಿ ಕರೆಯುತ್ತಾರೆ. ಕಡಲಿನ ಮೇಲ್ಮೈಯ ಉಷ್ಣತೆಯನ್ನೂ ಬಣ್ಣವನ್ನೂ ಉಪಗ್ರಹಗಳಿಂದ ಅಳೆದು ಮೀನು ಸೇರಬಹುದಾದ ಜಾಗಗಳನ್ನು ಅದು ಸೂಚಿಸುತ್ತದೆ. ಬಿರುಗಾಳಿ, ಹೆದ್ದೆರೆಗಳ ಎಚ್ಚರಿಕೆಯನ್ನೂ ಕೊಡುತ್ತದೆ. ಈ ಸುದ್ದಿಯನ್ನು ದೂರದ ದೋಣಿಗೆ ಮುಟ್ಟಿಸಲು 2019ರ ಅಕ್ಟೋಬರಿನಲ್ಲಿ 'ಜೆಮಿನಿ' ಎಂಬ ಒಂದು ಸಣ್ಣ ಪೆಟ್ಟಿಗೆ ಹೊರಬಂದಿತು. ವಿಮಾನಗಳಿಗೆ ದಾರಿ ತೋರಿಸಲೆಂದು ಏರ್ಪಟ್ಟ 'ಗಗನ್' ವ್ಯವಸ್ಥೆಯ ಉಪಗ್ರಹಗಳಿಂದ ಈ ಪೆಟ್ಟಿಗೆ ಸಂದೇಶವನ್ನು ಹಿಡಿಯುತ್ತದೆ. ಬ್ಲೂಟೂತ್ ಮೂಲಕ ಮೀನುಗಾರನ ಮೊಬೈಲಿಗೆ ಕೊಡುತ್ತದೆ. ಮೊಬೈಲಿನಲ್ಲಿರುವ ಆ್ಯಪ್ ಅದನ್ನು ಬಿಡಿಸಿ ಅವನ ಭಾಷೆಯಲ್ಲಿ ತೋರಿಸುತ್ತದೆ. ಇಲ್ಲಿ ಜಾಲತಾಣವನ್ನು ಕರೆಯುವಂತಿಲ್ಲ, ಕರೆದರೆ ಬರಲು ದಾರಿಯೇ ಇಲ್ಲ. ಕಾರ್ಯಕ್ರಮವು ಮೊಬೈಲಿನಲ್ಲಿ ಮೊದಲೇ ನೆಲೆಸಿರಬೇಕು, ಇನ್ನೊಂದು ಯಂತ್ರದೊಡನೆ ಮಾತಾಡಬೇಕು, ದಿನವೂ ಬೇಕು, ತಪ್ಪಿದರೆ ಜೀವಕ್ಕೇ ಅಪಾಯ. ಆಳು ಮನೆಯಲ್ಲಿಯೇ ಇರಬೇಕಾದುದು ಇಂಥ ಕಡೆ.

ಇಬ್ಬರೂ ಒಂದೇ ಕರಾವಳಿಯವರು, ಇಬ್ಬರ ಕೈಯಲ್ಲಿಯೂ ಅದೇ ಮೊಬೈಲು. ದೋಣಿಯವನಿಗೆ ಆ್ಯಪ್ ಬೇಕಾಗಿಸಿದುದು ಕಡಲಿನ ದೂರ. ತೋಟದವನಿಗೆ ಅದನ್ನು ಬೇಕೆನ್ನಿಸಿದುದು, ಅವನೇ ಆಮೇಲೆ ನಕ್ಕು ಒಪ್ಪಿಕೊಂಡಂತೆ, ಹೊನ್ನಾವರದ ಕಡೆಯ ಅವನ ಗೆಳೆಯನೊಬ್ಬನು ಮಾಡಿಸಿಕೊಂಡಿದ್ದ ಆ್ಯಪು.

ಮಾರ್ಚಿನಲ್ಲಿ ಅವನ ಫೋನು ಬಂದಿತು. ಆ ಸಂಸ್ಥೆಯವರಿಗೆ ಮುಂಗಡವನ್ನು ಕೊಡಲಿಲ್ಲವಂತೆ. ಆಯಿಯ ಬಂಗಾರ ಮನೆಯಲ್ಲಿಯೇ ಇದೆ. ಹುಬ್ಬಳ್ಳಿಯಿಂದ ತೂತುಗಳಿರುವ 500 ಪೆಟ್ಟಿಗೆ ತರಿಸಿದ್ದಾನೆ. ತೂತುಗಳು ಪಕ್ಕದಲ್ಲಿರಬೇಕೋ ಮೇಲಿರಬೇಕೋ ಎಂದು ಕೇಳಿದನು. ಪೆಟ್ಟಿಗೆಗಳನ್ನು ಒಂದರ ಮೇಲೊಂದು ಒಟ್ಟುವುದರಿಂದ ಮೇಲಿನವು ಮುಚ್ಚಿಹೋಗುತ್ತವೆ, ಪಕ್ಕದಲ್ಲಿಯೇ ಇರಲಿ, ಎದುರುಬದುರಾಗಿ ಇರಲಿ ಎಂದೆವು. "ಆದ್ರೂ ಸರ್, ಒಂದಲ್ಲ ಒಂದು ವರ್ಷ ಆ್ಯಪ್ ಮಾಡ್ಸೇ ಮಾಡಿಸ್ತೆ" ಎಂದು ಫೋನನ್ನಿಟ್ಟನು. ಕೊಯ್ಲು ಮೇ ಎರಡನೆಯ ವಾರಕ್ಕೆ. ಹತ್ತು ಪೆಟ್ಟಿಗೆಗಳಲ್ಲಿ ಉಷ್ಣಮಾಪಕವನ್ನಿಟ್ಟು ಬೆಂಗಳೂರಿಗೆ ಕಳುಹಿಸಿ ನೋಡಲು ನಮ್ಮ ತರಗತಿಯ ಇಬ್ಬರು ಒಪ್ಪಿದ್ದಾರೆ.